ಜೂಡೋ ಕಣದಲ್ಲಿ ಒಡೆಟ್ ಜುಫ್ರೀದಾ

ಜೂಡೋ ವಿದ್ಯೆಯನ್ನು ಕಲಿಯಲು ಬಂದ ಬಾಲಕನಿಗಾಗಲಿ ಬಾಲಿಕೆಗಾಗಲಿ ಗುರುವು ಮೊಟ್ಟಮೊದಲು ಕಲಿಸುವುದು ಎದುರಾಳಿಯನ್ನು ಎತ್ತಿ ಒಗೆಯುವ ಪಟ್ಟನ್ನಲ್ಲ, ತಾನು ಬೀಳುವ ಬಗೆಯನ್ನು. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು ತಲೆಯನ್ನು ಕಾಪಾಡಿಕೊಳ್ಳಬೇಕು; ಬೆನ್ನು ನೆಲವನ್ನು ಮುಟ್ಟುವ ಕ್ಷಣದಲ್ಲಿಯೇ ತೋಳುಗಳಿಂದ ಚಾಪೆಯನ್ನು ಬಲವಾಗಿ ಬಡಿದು ಆಘಾತವನ್ನು ಹಂಚಿಬಿಡಬೇಕು. ಜಪಾನೀ ಭಾಷೆಯಲ್ಲಿ ಇದಕ್ಕೆ ಉಕೆಮಿ ಎಂದು ಹೆಸರು. ಎಷ್ಟೋ ವಾರಗಳ ಕಾಲ ಹೀಗೆ ಬಿದ್ದು ಬಿದ್ದು ಭಯವು ಕಳೆದ ಮೇಲೆಯೇ ಶಿಷ್ಯನಿಗೆ ಇನ್ನೊಬ್ಬರ ಅಂಗಿಗೆ ಕೈ ಹಾಕುವ ಅಧಿಕಾರ ಪ್ರಾಪ್ತವಾಗುತ್ತದೆ. ಲೋಕಪ್ರಸಿದ್ಧಿಯನ್ನು ಪಡೆದ ಜೂಡೋಪಟುಗಳೂ ದಿನದ ಅಭ್ಯಾಸವನ್ನು ಈ ಪಾಠದಿಂದಲೇ ಆರಂಭಿಸುವುದುಂಟು.

ಇಟಲಿ ದೇಶದ ಒಡೆಟ್ ಜುಫ್ರೀದಾ ಎಂಬ ಮಹಿಳೆಯ ಕ್ರೀಡಾಜೀವನವನ್ನು ಅರಿಯಹೊರಟವರು ಈ ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಆಕೆ ಮೂರು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಸ್ಪರ್ಧಿಸಿ ಒಂದು ಬೆಳ್ಳಿಯನ್ನೂ ಒಂದು ಕಂಚನ್ನೂ ಗಳಿಸಿದಳು. ಯುರೋಪಿನ ಪ್ರಶಸ್ತಿಯನ್ನೂ ವಿಶ್ವಪ್ರಶಸ್ತಿಯನ್ನೂ ಗೆದ್ದಳು. ಆದರೆ ಆಕೆಯನ್ನು ಲೋಕವು ಹೆಚ್ಚಾಗಿ ನೆನೆಯುವುದು ಗೆದ್ದ ಪಂದ್ಯಕ್ಕಾಗಿ ಅಲ್ಲ, ಪ್ಯಾರಿಸ್ಸಿನಲ್ಲಿ ಸೋತ ಒಂದು ಪಂದ್ಯಕ್ಕಾಗಿ. ಇದು ಹೇಗಾಯಿತು ಎಂಬುದನ್ನು ತಿಳಿಯಬೇಕಾದರೆ ಮೊದಲು ಈ ಕ್ರೀಡೆಯ ಸ್ವರೂಪವನ್ನೂ, ಅದರೊಳಗೆ ಮಹಿಳೆಯರು ಪ್ರವೇಶ ಪಡೆದ ಬಗೆಯನ್ನೂ ತುಸು ವಿವರಿಸಬೇಕಾಗುತ್ತದೆ.

ಜೂಡೋವಿನ ಜನಕ ಜಪಾನಿನ ಕಾನೋ ಜಿಗೊರೋ. ವೃತ್ತಿಯಿಂದ ಆತ ಶಿಕ್ಷಕ. ಶಿಕ್ಷಕರನ್ನು ತರಬೇತುಗೊಳಿಸುವ ಟೋಕಿಯೋದ ಉನ್ನತ ವಿದ್ಯಾಲಯಕ್ಕೆ ಬಹುಕಾಲ ಮುಖ್ಯಸ್ಥನಾಗಿದ್ದವನು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸದಸ್ಯನಾದ ಮೊದಲ ಏಷ್ಯಾವಾಸಿಯೂ ಆತನೇ. ಪ್ರಾಚೀನ ಜಪಾನಿನ ಯೋಧರು ನಿರಾಯುಧರಾದಾಗ ಬಳಸುತ್ತಿದ್ದ ಜುಜುತ್ಸು ಎಂಬ ಸಮರವಿದ್ಯೆಯನ್ನು ಆತ ಹಲವು ಗುರುಗಳ ಬಳಿ ಕಲಿತು, ಅದರಲ್ಲಿ ಪ್ರಾಣಾಪಾಯಕರವಾದ ಭಾಗಗಳನ್ನು ಬದಿಗಿರಿಸಿ, ಶರೀರ ಮತ್ತು ಮನಸ್ಸುಗಳೆರಡನ್ನೂ ತಿದ್ದುವ ಶಿಕ್ಷಣಪದ್ಧತಿಯೊಂದನ್ನು ರೂಪಿಸಿದನು. 1882ರಲ್ಲಿ ಟೋಕಿಯೋದ ಏಷೋಜಿ ಎಂಬ ಬೌದ್ಧ ದೇವಾಲಯದ ಆವರಣದಲ್ಲಿ, ಹನ್ನೆರಡು ಚಾಪೆಗಳು ಹಿಡಿಸುವಷ್ಟು ಇಕ್ಕಟ್ಟಾದ ಸ್ಥಳದಲ್ಲಿ, ಬೆರಳೆಣಿಕೆಯ ಶಿಷ್ಯರೊಡನೆ ಆತ ಸ್ಥಾಪಿಸಿದ ಶಾಲೆಯೇ ಕೊಡೊಕಾನ್. ಜೂಡೋ ಎಂದರೆ ಮೃದುವಾದ ಮಾರ್ಗ ಎಂದರ್ಥ. ಬಲವನ್ನು ಬಲದಿಂದ ತಡೆಯದೆ, ಎದುರಾಳಿ ತಳ್ಳಿದಾಗ ಸರಿದು, ಎಳೆದಾಗ ಜೊತೆಗೇ ಮುಂದುವರಿದು, ಆತನ ಸಮತೋಲ ತಪ್ಪಿದ ಕ್ಷಣದಲ್ಲಿ ಆತನ ವೇಗವನ್ನೇ ಆತನ ಮೇಲೆ ತಿರುಗಿಸುವುದು ಈ ವಿದ್ಯೆಯ ತಿರುಳು.

ಕಾನೋ ತನ್ನ ವಿದ್ಯೆಗೆ ಎರಡು ಸೂತ್ರಗಳನ್ನು ನೀಡಿದನು. ಇರುವ ಶಕ್ತಿಯನ್ನು ಅತ್ಯುತ್ತಮವಾಗಿ ವಿನಿಯೋಗಿಸುವುದು ಮೊದಲನೆಯದು. ತಾನೂ ಇತರರೂ ಒಟ್ಟಿಗೆ ಏಳಿಗೆ ಹೊಂದುವುದು ಎರಡನೆಯದು. ಎರಡನೆಯ ಸೂತ್ರವನ್ನು ಕೇಳಿದಾಗ, ಇನ್ನೊಬ್ಬನನ್ನು ನೆಲಕ್ಕೆ ಕೆಡಹುವ ಆಟದಲ್ಲಿ ಪರಹಿತಕ್ಕೆ ಎಡೆಯೆಲ್ಲಿ ಎಂಬ ಸಂದೇಹ ಸಹಜವಾಗಿ ಏಳುತ್ತದೆ. ಆದರೆ ಜೂಡೋವನ್ನು ಒಬ್ಬರೇ ಅಭ್ಯಾಸ ಮಾಡಲು ಬರುವುದಿಲ್ಲ. ಎಸೆಯುವುದನ್ನು ಕಲಿಯಬೇಕಾದರೆ ತನ್ನ ದೇಹವನ್ನು ಎಸೆತಕ್ಕೆ ಒಪ್ಪಿಸುವ ಇನ್ನೊಬ್ಬರು ಬೇಕು. ಮರುಗಳಿಗೆಯಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ನಮ್ಮ ಗರಡಿಮನೆಗಳಲ್ಲಿ ಜೊತೆಯ ಪೈಲ್ವಾನನೊಡನೆ ಜೋರು ಮಾಡಿದವರಿಗೆ ಈ ಋಣದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂಡೋ ಪಂದ್ಯವು ನಮಸ್ಕಾರದಿಂದ ಮೊದಲಾಗಿ ನಮಸ್ಕಾರದಿಂದಲೇ ಮುಗಿಯುವುದು ಈ ಕಾರಣದಿಂದ.

ಇನ್ನು ಪಂದ್ಯದ ನಿಯಮಗಳು. ಸ್ಪರ್ಧಿಗಳಿಬ್ಬರೂ ದಪ್ಪ ಹತ್ತಿಬಟ್ಟೆಯ ಅಂಗಿ, ಷರಾಯಿಗಳನ್ನು ತೊಟ್ಟು ಸೊಂಟಕ್ಕೆ ಪಟ್ಟಿ ಬಿಗಿದಿರುತ್ತಾರೆ; ಒಬ್ಬರದು ಬಿಳಿ, ಇನ್ನೊಬ್ಬರದು ನೀಲಿ. ಎದುರಾಳಿಯನ್ನು ವೇಗ, ಬಲ, ಹತೋಟಿಗಳಿಂದ ಪೂರ್ಣವಾಗಿ ಬೆನ್ನ ಮೇಲೆ ಕೆಡಹಿದರೆ, ಅಥವಾ ನೆಲದ ಮೇಲೆ ನಿಗದಿಯಾದ ಕಾಲ ಅಲುಗಾಡದಂತೆ ಹಿಡಿದರೆ, ಇಲ್ಲವೇ ಕತ್ತು ಬಿಗಿದೋ ಮೊಣಕೈಸಂದಿಯನ್ನು ಒತ್ತಿಯೋ ಶರಣಾಗತಿಯನ್ನು ಪಡೆದರೆ ಇಪ್ಪೊನ್ ದೊರೆಯುತ್ತದೆ. ಪಂದ್ಯ ಅಲ್ಲಿಗೆ ಮುಗಿಯುತ್ತದೆ. ಇಪ್ಪೊನ್ನಿಗೆ ಸ್ವಲ್ಪದರಲ್ಲಿ ತಪ್ಪಿದ್ದು ವಾಜಾರಿ. ಅದಕ್ಕೂ ಕೆಳಗಿನದು ಯೂಕೊ. ಈ ಯೂಕೊವನ್ನು 2017ರಲ್ಲಿ ತೆಗೆದುಹಾಕಿ 2025ರಲ್ಲಿ ಮರಳಿ ತಂದರು. ನಿಯಮ ರೂಪಿಸುವವರ ಮನಸ್ಸು ಸ್ಪರ್ಧಿಗಳ ಕಾಲುಗಳಿಗಿಂತಲೂ ಚಂಚಲವೆನ್ನಬೇಕು. ಹಿಂಜರಿದು ನಿಂತರೆ, ಅಂಗಳದ ಗೆರೆಯನ್ನು ದಾಟಿದರೆ, ಹಿಡಿತ ಕೊಡದೆ ತಪ್ಪಿಸಿಕೊಂಡರೆ, ಹುಸಿ ದಾಳಿ ಮಾಡಿದರೆ ತೀರ್ಪುಗಾರನು ಷಿದೋ ಎಂಬ ದಂಡನೆಯನ್ನು ವಿಧಿಸುತ್ತಾನೆ. ಮೂರನೆಯ ಷಿದೋ ಬಿದ್ದೊಡನೆ ಸ್ಪರ್ಧಿಯು ಪಂದ್ಯವನ್ನು ಕಳೆದುಕೊಂಡಂತೆ. ನಾಲ್ಕು ನಿಮಿಷಗಳಲ್ಲಿ ನಿರ್ಣಯವಾಗದಿದ್ದಲ್ಲಿ ಕಾಲಮಿತಿಯಿಲ್ಲದ ಹೆಚ್ಚುವರಿ ಆಟ ನಡೆಯುತ್ತದೆ. ಅದರಲ್ಲಿ ಮೊದಲ ಗುಣ ಗಳಿಸಿದವರು ಗೆದ್ದಂತೆ, ಮೂರನೆಯ ದಂಡನೆ ಪಡೆದವರು ಸೋತಂತೆ. ಪ್ರತಿ ತೂಕದ ವರ್ಗದಲ್ಲಿಯೂ ಕಂಚಿನ ಪದಕಗಳು ಎರಡು. ಈ ವಿವರಗಳೆಲ್ಲ ಮುಂದೆ ಬೇಕಾಗುತ್ತವೆ.

ಕೊಡೊಕಾನ್ ಸಂಸ್ಥೆಯು 1926ರಲ್ಲಿಯೇ ಮಹಿಳೆಯರಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆದಿತ್ತು. ಆದರೆ ಕಲಿಯುವುದು ಬೇರೆ, ಸ್ಪರ್ಧಿಸುವುದು ಬೇರೆ. ಪುರುಷರ ಜೂಡೋ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆದರೂ ಮಹಿಳೆಯರು ಬಹುಕಾಲ ಹೊರಗೇ ಉಳಿದರು. ಈ ಬಾಗಿಲನ್ನು ತೆರೆಸಿದವಳು ನ್ಯೂಯಾರ್ಕಿನ ಬ್ರೂಕ್ಲಿನ್ ನಿವಾಸಿ ರಸ್ಟಿ ಕಾನೊಕೊಗಿ. 1959ರಲ್ಲಿ ನ್ಯೂಯಾರ್ಕ್ ರಾಜ್ಯದ ಪಂದ್ಯಾವಳಿಯೊಂದರಲ್ಲಿ ಗಾಯಗೊಂಡ ಪುರುಷ ಸ್ಪರ್ಧಿಯ ಬದಲಿಗೆ ಆಕೆ ಕಣಕ್ಕಿಳಿದಳು. ಎದುರಾಳಿಯನ್ನು ಸೋಲಿಸಿದಳು, ತಂಡವೂ ಗೆದ್ದಿತು. ಬಳಿಕ ವ್ಯವಸ್ಥಾಪಕರು ಆಕೆಯನ್ನು ಕರೆದು, ನೀನು ಹೆಣ್ಣೇ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದ್ದಕ್ಕೆ ಪದಕವನ್ನು ಹಿಂದಕ್ಕೆ ಪಡೆದರು. ಆಕೆ ಸುಮ್ಮನಿರಲಿಲ್ಲ. ತನ್ನ ಮನೆಯನ್ನೇ ಒತ್ತೆಯಿಟ್ಟು ಹಣ ಹೊಂದಿಸಿ, 1980ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಹಿಳೆಯರ ಪ್ರಥಮ ವಿಶ್ವ ಜೂಡೋ ಪಂದ್ಯಾವಳಿಯನ್ನು ನಡೆಸಿದಳು. ಕಿತ್ತುಕೊಂಡಿದ್ದ ಪದಕಕ್ಕೆ ಪ್ರತಿಯಾಗಿ ಆಕೆಗೆ ಚಿನ್ನದ ಪದಕವೊಂದನ್ನು ನೀಡಿದ್ದು 2009ರಲ್ಲಿ, ಅಂದರೆ ಐವತ್ತು ವರ್ಷಗಳ ಬಳಿಕ. ಅದೇ ವರ್ಷದ ನವೆಂಬರಿನಲ್ಲಿ ಆಕೆ ತೀರಿಕೊಂಡಳು. ಮಹಿಳೆಯರ ಜೂಡೋ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿಯೂ, 1992ರ ಬಾರ್ಸಿಲೋನಾದಲ್ಲಿ ಪೂರ್ಣ ಪ್ರಮಾಣದ ಸ್ಪರ್ಧೆಯಾಗಿಯೂ ನೆಲೆಗೊಂಡಿತು.

ಇಟಲಿಯ ಮಹಿಳೆಯರು ಈ ಚರಿತ್ರೆಯಲ್ಲಿ ಆರಂಭದಿಂದಲೂ ಇದ್ದಾರೆ ಎಂಬುದು ಗಮನಾರ್ಹ. 1980ರ ಆ ಪ್ರಥಮ ಪಂದ್ಯಾವಳಿಯಲ್ಲಿಯೇ ಅತಿಭಾರದ ವರ್ಗದ ಚಿನ್ನವನ್ನು ಗೆದ್ದವಳು ಮಾರ್ಗರೀಟಾ ದೆ ಕಾಲ್. ಎಮಾನುಯೇಲಾ ಪಿಯೆರಾಂಟೊಟ್ಸಿ 1989ರಲ್ಲಿಯೂ 1991ರಲ್ಲಿಯೂ ವಿಶ್ವವಿಜೇತೆಯಾದಳು. 1992ರಲ್ಲಿ ಒಲಿಂಪಿಕ್ ಬೆಳ್ಳಿಯನ್ನೂ, ಎಂಟು ವರ್ಷಗಳ ಬಳಿಕ ಸಿಡ್ನಿಯಲ್ಲಿ ಇನ್ನೂ ಮೇಲಿನ ತೂಕದ ವರ್ಗದಲ್ಲಿ ಕಂಚನ್ನೂ ಪಡೆದಳು. 52 ಕಿಲೋಗ್ರಾಂ ವರ್ಗದಲ್ಲಿ ಅಲೆಸ್ಸಾಂಡ್ರಾ ಜುಂಜಿ 1991ರಲ್ಲಿ ವಿಶ್ವಪ್ರಶಸ್ತಿ ಗಳಿಸಿದಳು. ಇಲೆನಿಯಾ ಸ್ಕಾಪಿನ್ 1996 ಮತ್ತು 2000ದ ಒಲಿಂಪಿಕ್ಸ್‌ಗಳಲ್ಲಿ, ಲೂಚಿಯಾ ಮೊರಿಕೊ 2004ರಲ್ಲಿ ಕಂಚು ಗೆದ್ದರು. ಲಿವೋರ್ನೊ ಪಟ್ಟಣದ ಜೂಲಿಯಾ ಕ್ವಿಂಟಾವಾಲೆ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಳು. ಜೂಡೋದಲ್ಲಿ ಒಲಿಂಪಿಕ್ ಚಿನ್ನ ಪಡೆದ ಮೊದಲ ಇಟಾಲಿಯನ್ ಮಹಿಳೆ ಆಕೆಯೇ. 2012ರಲ್ಲಿ ಲಂಡನ್ನಿನಲ್ಲಿ ರೊಸಾಲ್ಬಾ ಫೋರ್ಚಿನೀತಿ 52 ಕಿಲೋಗ್ರಾಂ ವರ್ಗದಲ್ಲಿ ಕಂಚು ಪಡೆದಳು. 1992ರಿಂದ ಮೊದಲ್ಗೊಂಡು ಯಾವೊಂದು ಒಲಿಂಪಿಕ್ಸ್‌ನಿಂದಲೂ ಇಟಲಿಯ ಜೂಡೋ ಮಹಿಳೆಯರು ಪದಕವಿಲ್ಲದೆ ಹಿಂದಿರುಗಿಲ್ಲ. ಕಾಲ್ಚೆಂಡಾಟದ ಹುಚ್ಚು ಹಿಡಿದ ಆ ದೇಶದಲ್ಲಿ ಈ ಸಂಗತಿಯು ನಾಲ್ಕು ವರ್ಷಗಳಿಗೊಮ್ಮೆ ಮಾತ್ರ ಜನರ ನೆನಪಿಗೆ ಬರುತ್ತದೆ ಎಂಬುದು ಬೇರೆ ಮಾತು.

ಒಡೆಟ್ ಜುಫ್ರೀದಾ ಹುಟ್ಟಿದ್ದು 1994ರ ಅಕ್ಟೋಬರ್ 12ರಂದು, ರೋಮ್ ನಗರದಲ್ಲಿ. ಆಕೆ ಪ್ರತಿನಿಧಿಸುವುದು ಇಟಲಿಯ ಭೂಸೇನೆಯ ಕ್ರೀಡಾ ಕೇಂದ್ರವನ್ನು. ಈ ವ್ಯವಸ್ಥೆಯನ್ನು ತುಸು ವಿವರಿಸಬೇಕು. ಜೂಡೋದಂತಹ ಕ್ರೀಡೆಗಳಲ್ಲಿ ಪ್ರವೇಶಧನವನ್ನು ತೆತ್ತು ಬರುವ ಪ್ರೇಕ್ಷಕರು ವಿರಳ. ಆದುದರಿಂದ ಅದೊಂದನ್ನೇ ನಂಬಿ ಜೀವನ ಸಾಗಿಸುವುದು ಕಠಿನ. ಇಟಲಿಯಲ್ಲಿ ಈ ಕೊರತೆಯನ್ನು ತುಂಬುವುದು ಭೂಸೇನೆ, ಕಾರಬಿನಿಯೇರಿ ದಳ, ಪೊಲೀಸ್ ಇಲಾಖೆ, ಹಣಕಾಸು ರಕ್ಷಣಾ ದಳ ಮೊದಲಾದ ಸರ್ಕಾರೀ ಸೇವೆಗಳ ಕ್ರೀಡಾ ವಿಭಾಗಗಳು. ಇವು ಕ್ರೀಡಾಪಟುಗಳನ್ನು ನೌಕರಿಗೆ ಸೇರಿಸಿಕೊಂಡು, ಸಂಬಳವಿತ್ತು, ಅಭ್ಯಾಸಕ್ಕೆ ಅನುಕೂಲ ಕಲ್ಪಿಸುತ್ತವೆ. ಇಟಲಿಯ ಸಶಸ್ತ್ರ ಪಡೆಗಳಿಗೆ ಮಹಿಳೆಯರನ್ನು ಸೇರಿಸಿಕೊಳ್ಳಲು ಅವಕಾಶವಿತ್ತ ಕಾನೂನು ಬಂದುದು 1999ರಲ್ಲಿ. ಆಗ ಒಡೆಟ್ ಐದು ವರ್ಷದ ಮಗು. ಒಂದು ತಲೆಮಾರು ಮೊದಲು ಹುಟ್ಟಿದ್ದರೆ ಸೈನಿಕಳಾಗಿ ಜೂಡೋ ಆಡುವ ಅವಕಾಶವೇ ಆಕೆಗೆ ದೊರೆಯುತ್ತಿರಲಿಲ್ಲ.

2016ರ ಆಗಸ್ಟ್ 7ರಂದು ರಿಯೊ ದೆ ಜನೈರೊದಲ್ಲಿ 52 ಕಿಲೋಗ್ರಾಂ ವರ್ಗದ ಸ್ಪರ್ಧೆ ನಡೆದಾಗ ಆಕೆಗೆ ಇಪ್ಪತ್ತೊಂದು ವರ್ಷ. ಇದೇ ಆಕೆಯ ಮೊದಲ ಒಲಿಂಪಿಕ್ಸ್. ಅಂತಿಮ ಪಂದ್ಯದಲ್ಲಿ ಆಕೆಗೆ ಎದುರಾದವಳು ಕೊಸೊವೊ ದೇಶದ ಮಾಯ್ಲಿಂಡಾ ಕೆಲ್ಮೆಂಡಿ. ಈ ಎದುರಾಳಿಯ ಕಥೆ ಅಸಾಧಾರಣವಾದುದು. ಕೊಸೊವೊ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿದ್ದು 2008ರಲ್ಲಿ. ಒಲಿಂಪಿಕ್ ಸಮಿತಿಯು ಅದನ್ನು ಪೂರ್ಣವಾಗಿ ಮಾನ್ಯ ಮಾಡಿದ್ದು 2014ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಸ್ವಂತ ಧ್ವಜವಿಲ್ಲದ ಕೆಲ್ಮೆಂಡಿ 2012ರ ಲಂಡನ್ ಕೂಟದಲ್ಲಿ ಅಲ್ಬೇನಿಯಾದ ಹೆಸರಿನಲ್ಲಿ ಸ್ಪರ್ಧಿಸಬೇಕಾಯಿತು. 2013 ಮತ್ತು 2014ರಲ್ಲಿ ಆಕೆ ವಿಶ್ವವಿಜೇತೆಯಾದಳು. ರಿಯೊದಲ್ಲಿ ತನ್ನ ದೇಶದ ಧ್ವಜವನ್ನು ಹಿಡಿದು ಮೊದಲ ಬಾರಿಗೆ ಕ್ರೀಡಾಂಗಣವನ್ನು ಪ್ರವೇಶಿಸಿದ ಆಕೆಯ ಹೆಗಲ ಮೇಲೆ ಒಂದು ಪುಟ್ಟ ರಾಷ್ಟ್ರದ ಸಮಸ್ತ ನಿರೀಕ್ಷೆಯೂ ಇತ್ತು. ಹೀಗಿರಲಾಗಿ, ಒಡೆಟ್‌ಳ ಎದುರಿಗೆ ನಿಂತದ್ದು ಕೇವಲ ಒಬ್ಬ ಮಹಿಳೆಯಾಗಿರಲಿಲ್ಲ.

ಕೆಲ್ಮೆಂಡಿ ಗೆದ್ದದ್ದು ಒಂದು ಯೂಕೊವಿನ ಅಂತರದಿಂದ. ಇಪ್ಪೊನ್ನಿನಿಂದ ನೆಲಕ್ಕೆ ಬಿದ್ದು ಸೋತವರಿಗೆ ಸೋಲು ಸ್ಪಷ್ಟವಾಗಿರುತ್ತದೆ. ಅತ್ಯಂತ ಕಿರಿಯ ಗುಣವೊಂದರಿಂದ ಚಿನ್ನ ತಪ್ಪಿದವರಿಗೆ ನಾಲ್ಕು ನಿಮಿಷಗಳ ಪ್ರತಿಯೊಂದು ಹೆಜ್ಜೆಯೂ ಮನಸ್ಸಿನಲ್ಲಿ ಮರಳಿ ಸುಳಿಯುತ್ತದೆ. ಕೊಸೊವೊದ ಚರಿತ್ರೆಯಲ್ಲಿ ಅದು ಪ್ರಥಮ ಒಲಿಂಪಿಕ್ ಪದಕ. ವಿಜಯವೇದಿಕೆಯ ಎರಡನೆಯ ಮೆಟ್ಟಿಲಲ್ಲಿ ನಿಂತು, ಹೊಸ ರಾಷ್ಟ್ರವೊಂದರ ಗೀತೆಯು ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮೊಳಗುವುದನ್ನು ಆಕೆ ಕೇಳಿದಳು. ಇಟಲಿಯ ಪತ್ರಿಕೆಗಳಿಗಾದರೋ ಆ ದಿನ ಬೇರೊಂದು ಸಂಭ್ರಮವಿತ್ತು. ಅದೇ ಕಣದಲ್ಲಿ, ಅದೇ ದಿನ ಪುರುಷರ 66 ಕಿಲೋಗ್ರಾಂ ವರ್ಗದಲ್ಲಿ ಫಾಬಿಯೊ ಬಾಸೀಲೆ ಗೆದ್ದ ಚಿನ್ನವು ಬೇಸಿಗೆ ಒಲಿಂಪಿಕ್ಸ್‌ಗಳಲ್ಲಿ ಇಟಲಿಯ 200ನೆಯ ಚಿನ್ನವಾಗಿತ್ತು. ಎರಡು ನೂರರ ಸಂಖ್ಯೆಯ ಮುಂದೆ ಒಂದು ಬೆಳ್ಳಿ ಮಂಕಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ಒಲಿಂಪಿಕ್ಸ್ 2020ರಲ್ಲಿ ಟೋಕಿಯೋದಲ್ಲಿ ನಡೆಯಬೇಕಿತ್ತು. ಮಹಾಸಾಂಕ್ರಾಮಿಕ ರೋಗವು ಜಗತ್ತನ್ನೇ ಆವರಿಸಿ ಕ್ರೀಡಾಕೂಟವು ಒಂದು ವರ್ಷ ಮುಂದಕ್ಕೆ ಹೋಯಿತು. ಜೂಡೋಪಟುಗಳಿಗೆ ಈ ರೋಗವು ತಂದೊಡ್ಡಿದ ಸಂಕಟವು ಓಟಗಾರರದಕ್ಕಿಂತ ಮಿಗಿಲಾದುದು. ಓಟಗಾರನು ಒಂಟಿಯಾಗಿ ಓಡಬಲ್ಲನು. ಎದೆಗೆ ಎದೆ ತಾಗಿಸಿ, ಒಬ್ಬರ ಅಂಗಿಯನ್ನೊಬ್ಬರು ಹಿಡಿದು ಆಡಬೇಕಾದವರು ಏನು ಮಾಡಬೇಕು? ಅಂತಹ ವರ್ಷದಲ್ಲಿಯೇ, 2020ರ ನವೆಂಬರಿನಲ್ಲಿ ಪ್ರಾಗ್ ನಗರದಲ್ಲಿ ನಡೆದ ಯುರೋಪಿನ ಪಂದ್ಯಾವಳಿಯಲ್ಲಿ ಒಡೆಟ್ ಚಿನ್ನ ಗೆದ್ದಳು.

2021ರ ಜುಲೈ 25ರಂದು, ಪ್ರೇಕ್ಷಕರಿಲ್ಲದ ನಿಪ್ಪಾನ್ ಬುಡೊಕಾನ್ ಭವನದಲ್ಲಿ 52 ಕಿಲೋಗ್ರಾಂ ವರ್ಗದ ಸ್ಪರ್ಧೆ ನಡೆಯಿತು. 1964ರಲ್ಲಿ ಒಲಿಂಪಿಕ್ ಜೂಡೋ ಜನ್ಮ ತಾಳಿದ್ದು ಇದೇ ಭವನದಲ್ಲಿ. ರಿಯೊದ ವಿಜೇತೆ ಕೆಲ್ಮೆಂಡಿಯು ಹಂಗೇರಿಯ ರೇಕಾ ಪುಪ್ಪ್‌ಳಿಗೆ ಆರಂಭದ ಸುತ್ತಿನಲ್ಲಿಯೇ ಸೋತು ಹೊರನಡೆದಳು. ಒಡೆಟ್ ಉಪಾಂತ್ಯದವರೆಗೂ ಬಂದಳು. ಅಲ್ಲಿ ಎದುರಾದವಳು ಆತಿಥೇಯ ದೇಶದ ಅಬೆ ಉತಾ. ಅಣ್ಣ ಹಿಫುಮಿಯೊಡನೆ ಒಂದೇ ದಿನ ಚಿನ್ನ ಗೆದ್ದು ಆ ಕೂಟದ ಕಣ್ಮಣಿಯಾದವಳು. ನಾಲ್ಕು ನಿಮಿಷಗಳ ಅವಧಿಯಲ್ಲಿ ಅಬೆಗೆ ಒಡೆಟ್‌ಳನ್ನು ಮಣಿಸಲಾಗಲಿಲ್ಲ. ಹೆಚ್ಚುವರಿ ಆಟದಲ್ಲಿ ಮಾತ್ರ ಆಕೆ ಮೇಲುಗೈ ಪಡೆದಳು. ಉಪಾಂತ್ಯದಲ್ಲಿ ಸೋತವರು ಕೆಲವೇ ಹೊತ್ತಿನಲ್ಲಿ ಕಂಚಿನ ಪಂದ್ಯಕ್ಕೆ ಮರಳಿ ಇಳಿಯಬೇಕು. ಚಿನ್ನದ ಆಸೆ ಆಗತಾನೇ ಭಗ್ನವಾಗಿರುವಾಗ, ಕಂಚಿಗಾಗಿ ಹೊಸದಾಗಿ ಹಸಿವನ್ನು ತಂದುಕೊಳ್ಳುವುದು ಜೂಡೋದಲ್ಲಿ ಅತ್ಯಂತ ಕಷ್ಟದ ಕೆಲಸ. ಅನೇಕ ಸಮರ್ಥರು ಎಡವುವುದು ಇಲ್ಲಿಯೇ. ಒಡೆಟ್ ಎಡವಲಿಲ್ಲ. ಕೆಲ್ಮೆಂಡಿಯನ್ನು ಕೆಡಹಿದ್ದ ರೇಕಾ ಪುಪ್ಪ್‌ಳನ್ನೇ ಸೋಲಿಸಿ ಕಂಚು ಗಳಿಸಿದಳು. ಅದೇ ಕೂಟದಲ್ಲಿ ಮಾರಿಯಾ ಚೆಂಟ್ರಾಕ್ಕಿಯೊ 63 ಕಿಲೋಗ್ರಾಂ ವರ್ಗದಲ್ಲಿ ಇನ್ನೊಂದು ಕಂಚನ್ನು ಇಟಲಿಗೆ ತಂದಳು.

ತೂಕದ ವರ್ಗಗಳ ಬಗ್ಗೆ ಇಲ್ಲಿ ಒಂದು ಮಾತು. ಮಹಿಳೆಯರಿಗೆ 48, 52, 57, 63, 70, 78 ಮತ್ತು 78 ಕಿಲೋಗ್ರಾಂಗಳಿಗೆ ಮೇಲ್ಪಟ್ಟ ಏಳು ವರ್ಗಗಳಿವೆ. 52ರ ವರ್ಗದಲ್ಲಿ ಸ್ಪರ್ಧಿಸಬೇಕಾದವಳು ತೂಗುವ ದಿನ ಆ ಗಡಿಯನ್ನು ದಾಟುವಂತಿಲ್ಲ. ಹದಿಹರೆಯದಿಂದ ಮೂವತ್ತರವರೆಗೆ ಬೆಳೆಯುವ ಶರೀರವನ್ನು ಒಂದೇ ಅಂಕೆಯೊಳಗೆ ಹಿಡಿದಿಡುವುದೆಂದರೆ ಊಟದ ತಟ್ಟೆಯೊಡನೆ ನಿತ್ಯ ಹೋರಾಟ. ಪದಕಪಟ್ಟಿಯಲ್ಲಿ ಈ ಹೋರಾಟ ಕಾಣಿಸುವುದಿಲ್ಲ. ರಿಯೊ, ಟೋಕಿಯೋ, ಪ್ಯಾರಿಸ್ ಮೂರರಲ್ಲಿಯೂ ಒಡೆಟ್ 52ರ ವರ್ಗದಲ್ಲಿಯೇ ಸ್ಪರ್ಧಿಸಿದಳು ಎಂಬ ಒಂದು ವಾಕ್ಯದ ಹಿಂದೆ ಎಷ್ಟು ನಿಗ್ರಹ ಅಡಗಿದೆಯೆಂಬುದನ್ನು ಊಹಿಸಿಕೊಳ್ಳಬೇಕು.

2024ರ ಮೇ ತಿಂಗಳಿನಲ್ಲಿ ಅಬುಧಾಬಿಯಲ್ಲಿ ವಿಶ್ವ ಜೂಡೋ ಪಂದ್ಯಾವಳಿ ನಡೆಯಿತು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಎರಡೇ ತಿಂಗಳು ಉಳಿದಿದ್ದವು. ಗಾಯಕ್ಕೆ ಅಂಜಿ ಪ್ರಬಲ ಸ್ಪರ್ಧಿಗಳು ಇಂತಹ ಸಮಯದಲ್ಲಿ ದೂರ ಉಳಿಯುವುದೂ ಉಂಟು. ಒಡೆಟ್ ಸ್ಪರ್ಧಿಸಿದಳು, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ವಿಶ್ವವಿಜೇತೆಯಾದಳು. 1991ರಲ್ಲಿ ಪಿಯೆರಾಂಟೊಟ್ಸಿ ಮತ್ತು ಜುಂಜಿ ಗೆದ್ದ ಮೇಲೆ ಇಟಲಿಯ ಮಹಿಳೆಯೊಬ್ಬಳು ವಿಶ್ವದ ಚಿನ್ನವನ್ನು ಕಂಡದ್ದು ಮೂವತ್ತಮೂರು ವರ್ಷಗಳ ಬಳಿಕ. ಜುಂಜಿ ಗೆದ್ದಾಗ ಒಡೆಟ್ ಇನ್ನೂ ಹುಟ್ಟಿರಲಿಲ್ಲ. ಬೆಳ್ಳಿ ಬಂದಿತ್ತು, ಕಂಚು ಬಂದಿತ್ತು, ಈಗ ವಿಶ್ವವಿಜೇತೆಯ ಹೆಸರೂ ಬಂದಿತು. ಉಳಿದದ್ದು ಒಲಿಂಪಿಕ್ ಚಿನ್ನವೊಂದೇ.

2024ರ ಜುಲೈ 28ರಂದು ಪ್ಯಾರಿಸ್ಸಿನ ಐಫೆಲ್ ಗೋಪುರದ ಸಮೀಪದಲ್ಲಿರುವ ಷಾಂ ದೆ ಮಾರ್ಸ್ ಭವನದಲ್ಲಿ 52 ಕಿಲೋಗ್ರಾಂ ವರ್ಗದ ಸ್ಪರ್ಧೆ. ಆ ದಿನ ಮೊದಲು ಬಿದ್ದವಳು ಅಬೆ ಉತಾ. ವರ್ಷಗಳಿಂದ ಸೋಲನ್ನೇ ಕಾಣದಿದ್ದ ಆಕೆಯನ್ನು ಎರಡನೆಯ ಪಂದ್ಯದಲ್ಲಿ ಉಜ್ಬೇಕಿಸ್ತಾನದ ದಿಯೋರಾ ಕೆಲ್ದಿಯೊರೋವಾ ಇಪ್ಪೊನ್ನಿನಿಂದ ಕೆಡಹಿದಳು. ನಮಸ್ಕಾರ ಮುಗಿಸಿದ ಅಬೆ ಕಣದ ಅಂಚಿಗೆ ಬರುವಷ್ಟರಲ್ಲಿ ಕುಸಿದು, ತರಬೇತುದಾರರನ್ನು ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು. ಭವನದ ತುಂಬ ಆಕೆಯ ರೋದನ ಕೇಳಿಸಿತು. ಸಾವಿರಾರು ಪ್ರೇಕ್ಷಕರು ಆಕೆಯ ಹೆಸರನ್ನು ಕೂಗಿ ಸಮಾಧಾನಪಡಿಸಲು ಯತ್ನಿಸಿದರು. ಆಕೆಯ ಅಳುವನ್ನು ಕುರಿತು ಜಪಾನಿನಲ್ಲಿ ವಾದವಿವಾದಗಳಾದವು. ಸೋಲನ್ನು ಸಂಯಮದಿಂದ ಸ್ವೀಕರಿಸುವುದು ಜೂಡೋದ ಧರ್ಮವಲ್ಲವೇ ಎಂದವರಿದ್ದರು. ಮೂರು ವರ್ಷಗಳ ಶ್ರಮ ಕ್ಷಣದಲ್ಲಿ ನುಚ್ಚುನೂರಾದಾಗ ಅಳದೆ ಇನ್ನೇನು ಮಾಡಬೇಕು ಎಂದವರೂ ಇದ್ದರು. ಎರಡನೆಯವರ ಮಾತಿನಲ್ಲಿ ಮನುಷ್ಯತ್ವ ಹೆಚ್ಚಿದೆ. ಕೆಲ್ದಿಯೊರೋವಾ ಮುಂದುವರಿದು ಚಿನ್ನವನ್ನೇ ಗೆದ್ದಳು. ಜೂಡೋದಲ್ಲಿ ಉಜ್ಬೇಕಿಸ್ತಾನಕ್ಕೆ ಅದು ಮೊದಲ ಒಲಿಂಪಿಕ್ ಚಿನ್ನ.

ಅಬೆ ಹೊರಬಿದ್ದ ಮೇಲೆ ವಿಶ್ವವಿಜೇತೆಯಾದ ಒಡೆಟ್‌ಳಿಗೆ ದಾರಿ ಸುಗಮವಾಯಿತೆಂದು ಭಾವಿಸಿದವರ ಲೆಕ್ಕ ತಪ್ಪಿತು. ಅಂತಿಮ ಪಂದ್ಯವು ಆಕೆಗೆ ದಕ್ಕಲಿಲ್ಲ. ಟೋಕಿಯೋದಂತೆಯೇ ಮತ್ತೆ ಕಂಚಿನ ಪಂದ್ಯಕ್ಕೆ ಇಳಿಯಬೇಕಾಯಿತು. ಎದುರಿಗೆ ನಿಂತವಳು ಬ್ರೆಜಿಲಿನ ಲಾರಿಸ್ಸಾ ಪಿಮೆಂಟಾ. ಇಬ್ಬರೂ ಗೆಳತಿಯರು, ಜೊತೆಯಲ್ಲಿ ಅಭ್ಯಾಸ ಮಾಡಿದವರು. ಟೋಕಿಯೋದಲ್ಲಿ ಪಿಮೆಂಟಾಳೂ ಅಬೆಗೆ ಸೋತು ಬರಿಗೈಯಲ್ಲಿ ಮರಳಿದ್ದಳು. ಜೊತೆಯಲ್ಲಿ ಅಭ್ಯಾಸ ಮಾಡಿದವರೆಂದರೆ ಒಬ್ಬರ ಪಟ್ಟು ಇನ್ನೊಬ್ಬರಿಗೆ ಕರತಲಾಮಲಕ. ಯಾವ ಭುಜ ಮೊದಲು ಬಾಗುತ್ತದೆ, ಯಾವ ಕಾಲು ಹಿಂದೆ ಸರಿಯುತ್ತದೆ ಎಂಬುದೆಲ್ಲ ತಿಳಿದ ವಿಷಯ. ಇಂತಹ ಪಂದ್ಯದಲ್ಲಿ ಅಚ್ಚರಿಯ ಎಸೆತಗಳು ಅಪರೂಪ. ನಾಲ್ಕು ನಿಮಿಷ ಮುಗಿದರೂ ನಿರ್ಣಯವಾಗಲಿಲ್ಲ. ಹೆಚ್ಚುವರಿ ಆಟದಲ್ಲಿ ತೀರ್ಪುಗಾರರು ಒಡೆಟ್‌ಳಿಗೆ ಮೂರನೆಯ ಷಿದೋ ವಿಧಿಸಿದರು. ಯಾರೂ ಯಾರನ್ನೂ ಕೆಡಹಲಿಲ್ಲ, ಪಂದ್ಯ ಮುಗಿಯಿತು. ಕಂಚು ಪಿಮೆಂಟಾಳ ಪಾಲಾಯಿತು. ಒಡೆಟ್‌ಳಿಗೆ ಐದನೆಯ ಸ್ಥಾನ.

ಬೀಳುವುದನ್ನು ಕಲಿಸುವ ವಿದ್ಯೆಯಲ್ಲಿ ಬೀಳದೆಯೇ ಸೋಲುವುದು ಒಂದು ವಿಪರ್ಯಾಸ. ಬಿದ್ದವರಿಗೆ ಚಾಪೆಯನ್ನು ಬಡಿದು ಆಘಾತವನ್ನು ಹಂಚುವ ಉಪಾಯವಾದರೂ ಇದೆ. ನಿಂತಲ್ಲಿಯೇ ಸೋತವರಿಗೆ ಅದೂ ಇಲ್ಲ. ದಂಡನೆಯಿಂದ ನಿರ್ಣಯವಾಗುವ ಪಂದ್ಯಗಳ ಸಂಖ್ಯೆ ಹೆಚ್ಚುತ್ತಿದೆಯೆಂಬ ಅಸಮಾಧಾನ ಪ್ಯಾರಿಸ್ಸಿನಲ್ಲಿ ಹಲವು ದೇಶಗಳಿಂದ ಕೇಳಿಬಂದಿತು. ಇಟಲಿಯವರು ಅದನ್ನು ಗಟ್ಟಿಯಾಗಿಯೇ ಹೇಳಿದರು. ಹಿಂಜರಿಯುವವರನ್ನು ದಂಡಿಸದಿದ್ದರೆ ಪಂದ್ಯಗಳು ಕೊನೆಯೇ ಕಾಣವು ಎಂಬ ಸಮಾಧಾನದಲ್ಲಿಯೂ ಸತ್ಯಾಂಶವಿದೆ. ಆದರೂ ಮೂರು ಒಲಿಂಪಿಕ್ಸ್‌ಗಳ ಶ್ರಮವು ತೀರ್ಪುಗಾರರ ಒಂದು ಕೈಸನ್ನೆಯಲ್ಲಿ ಮುಗಿಯುವುದನ್ನು ನೋಡುವವರಿಗೆ ಆ ಸತ್ಯಾಂಶ ಸಾಲದು.

ಆಗ ನಡೆದದ್ದು ಎಲ್ಲರನ್ನೂ ಬೆರಗುಗೊಳಿಸಿತು. ಗೆದ್ದ ಪಿಮೆಂಟಾ ಮೊಣಕಾಲೂರಿ, ಮುಖವನ್ನು ಚಾಪೆಗೆ ಹಚ್ಚಿ ಬಿಕ್ಕಿಬಿಕ್ಕಿ ಅಳತೊಡಗಿದಳು, ಮೇಲೇಳಲು ಆಕೆಯಿಂದಾಗಲಿಲ್ಲ. ಸೋತ ಒಡೆಟ್ ಆಕೆಯ ಬಳಿಗೆ ಬಂದು, ಬಾಗಿ, ಎರಡೂ ತೋಳುಗಳಿಂದ ಆಕೆಯನ್ನು ತಬ್ಬಿಕೊಂಡು, ಕಿವಿಯಲ್ಲಿ ಏನನ್ನೋ ಹೇಳಿ, ಮೆಲ್ಲಗೆ ಎತ್ತಿ ನಿಲ್ಲಿಸಿದಳು. ಬೆಳಗಿನಿಂದ ಅದೇ ಚಾಪೆಯ ಮೇಲೆ ಸೋತವಳೊಬ್ಬಳು ಅತ್ತದ್ದನ್ನು ಕಂಡಿದ್ದ ಪ್ರೇಕ್ಷಕರು ಈಗ ಗೆದ್ದವಳು ಅಳುವುದನ್ನೂ, ಸೋತವಳು ಸಂತೈಸುವುದನ್ನೂ ಕಂಡರು. ನಿಯಮದಂತೆ ಇಬ್ಬರೂ ಎದುರುಬದುರು ನಿಂತು ನಮಸ್ಕರಿಸಬೇಕಿತ್ತು. ಅದಕ್ಕಾಗಿ ಎದುರಾಳಿಯನ್ನು ಎದ್ದು ನಿಲ್ಲುವಂತೆ ಮಾಡಿದವಳು ಒಡೆಟ್‌ಳೇ. ಕಾನೋವಿನ ಎರಡನೆಯ ಸೂತ್ರವು ಪಾಠಪುಸ್ತಕಗಳಲ್ಲಿ ಬಹಳ ಕಾಲದಿಂದ ಇದೆ. ಅದು ಹೀಗೆ ಕಣ್ಣಿಗೆ ಕಾಣುವ ಪ್ರಸಂಗಗಳು ವಿರಳ. ಆ ಚಿತ್ರವು ಇಟಲಿ, ಬ್ರೆಜಿಲುಗಳಲ್ಲಿ ಮಾತ್ರವಲ್ಲದೆ ಜೂಡೋವಿನ ಗಂಧವೇ ಇಲ್ಲದ ದೇಶಗಳಲ್ಲಿಯೂ ಹರಡಿತು.

ಇಷ್ಟಾದರೂ ಆ ದಿನ ಒಡೆಟ್‌ಳ ಪಾಲಿಗೆ ಉಳಿದದ್ದು ಸೋಲೇ ಎಂಬುದನ್ನು ಮರೆಯಲಾಗದು. ಸಂತೈಸಿದ್ದಕ್ಕೆ ಪದಕವಿಲ್ಲ, ಆಕೆ ಅದನ್ನು ಪದಕಕ್ಕಾಗಿ ಮಾಡಿದವಳೂ ಅಲ್ಲ. ಪ್ಯಾರಿಸ್ಸಿನಲ್ಲಿ ಇಟಲಿಯ ಜೂಡೋಪಟುಗಳಲ್ಲಿ ಅನೇಕರು ಪದಕದ ಹೊಸ್ತಿಲಲ್ಲಿಯೇ ನಿಂತುಬಿಟ್ಟರು. ಆಗಸ್ಟ್ 1ರಂದು 78 ಕಿಲೋಗ್ರಾಂ ವರ್ಗದಲ್ಲಿ ಬ್ರೆಷಿಯಾ ಪಟ್ಟಣದ ಅಲೀಚೆ ಬೆಲ್ಲಾಂಡಿ ಇಸ್ರೇಲಿನ ಇನ್‌ಬಾರ್ ಲಾನಿರ್‌ಳನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಚಿನ್ನ ಗೆದ್ದಳು. 1992ರಿಂದ ಬಂದ ಸರಪಳಿ ತುಂಡಾಗಲಿಲ್ಲ. ಟೋಕಿಯೋದಲ್ಲಿ 70 ಕಿಲೋಗ್ರಾಂ ವರ್ಗದಲ್ಲಿ ಪದಕವಿಲ್ಲದೆ ಮರಳಿ, ಬಳಿಕ ಮೇಲಿನ ವರ್ಗಕ್ಕೆ ಬದಲಾಗಿ ಬೆಳೆದವಳು ಬೆಲ್ಲಾಂಡಿ. ಆ ಕೂಟದಲ್ಲಿ ಇಟಲಿಯ ಜೂಡೋ ಪಡೆಗೆ ದೊರೆತ ಪದಕ ಅದೊಂದೇ.

ಇನ್ನೊಂದು ಪದಕ ಬರಬಹುದಿತ್ತು. ಆಗಸ್ಟ್ 3ರಂದು ಮಹಿಳೆಯರೂ ಪುರುಷರೂ ಕೂಡಿ ಆಡುವ ಮಿಶ್ರ ತಂಡಗಳ ಸ್ಪರ್ಧೆ ನಡೆಯಿತು. ಕಂಚಿನ ಪಂದ್ಯದಲ್ಲಿ ಇಟಲಿಗೆ ಎದುರಾದದ್ದು ಬ್ರೆಜಿಲ್. ಆರು ಪಂದ್ಯಗಳು ಮುಗಿದಾಗ ಎರಡು ತಂಡಗಳೂ ಮೂರು ಮೂರು ಗೆದ್ದು ಸಮನಾಗಿದ್ದವು. ನಿರ್ಣಾಯಕ ಏಳನೆಯ ಪಂದ್ಯದಲ್ಲಿ ಬ್ರೆಜಿಲಿನ ರಫಾಯೇಲಾ ಸಿಲ್ವಾ ಇಟಲಿಯ ವೆರೋನಿಕಾ ಟೊನಿಯೊಲೊಳನ್ನು ಸೋಲಿಸಿದಳು. ಆರು ದಿನಗಳ ಅಂತರದಲ್ಲಿ ಬ್ರೆಜಿಲ್ ಎರಡನೆಯ ಬಾರಿ ಇಟಲಿಯನ್ನು ಕಂಚಿನಿಂದ ದೂರವಿಟ್ಟಿತು. ಆ ತಂಡದ ಪಟ್ಟಿಯಲ್ಲಿ ಲಾರಿಸ್ಸಾ ಪಿಮೆಂಟಾಳ ಹೆಸರೂ ಇತ್ತು.